ನನಗದು ಆಗಿಬರೋದಿಲ್ಲ

ನಮ್ಮ ಮನೆಯಲ್ಲಿ ದೀಪಾವಳಿ ಕಳೆಯಿತೆಂದರೆ ಅಡಿಕೆ ಸುಲಿಯುವ ರಾತ್ರಿಗಳು ಶುರು. ಸಿದ್ದಾಪುರ ತಾಲೂಕಿನ ಒಳಗಿನ ಊರು, ಆಗಿನ್ನೂ ಕರೆಂಟು ಬಂದಿರಲಿಲ್ಲ. ಅಂಗಳದಲ್ಲಿ ಗ್ಯಾಸ್‌ಲೈಟ್ ತೂಗುಹಾಕಿ, ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹನ್ನೆರಡು ಜನ ಕೂರುತ್ತಿದ್ದರು. ನನಗೆ ಹನ್ನೊಂದು ವರ್ಷ. ದೊಡ್ಡವರೆಲ್ಲ ಕವಳ ಹಾಕುವಾಗ ನನಗೂ ಬೇಕೆನಿಸಿತು. ಚಿಕ್ಕಮ್ಮನ ಕವಳದ ಬಟ್ಟಲಿನಿಂದ ಅರ್ಧ ಎಲೆ ತೆಗೆದು, ತುಸು ಸುಣ್ಣ ಸವರಿ, ಆಗಷ್ಟೇ ಸುಲಿದ ಎಳೆ ಅಡಿಕೆಯ ಹೋಳೊಂದನ್ನು ಒಳಗಿಟ್ಟು ಬಾಯಿಗೆ ಹಾಕಿಕೊಂಡೆ.

ಮೊದಲು ಕಿವಿ ಬಿಸಿಯಾಯಿತು. ಗಂಟಲನ್ನು ಯಾರೋ ಒಳಗಿನಿಂದ ಹಿಡಿದ ಹಾಗೆ. ಎದೆ ಡವಗುಟ್ಟತೊಡಗಿತು. ಮೈಮೇಲೆ ಕಂಬಳಿ ಹೊದೆಯುವಂಥ ಚಳಿಯಲ್ಲಿ ಹಣೆಯಿಂದ ಬೆವರು ಇಳಿಯಿತು. ಗ್ಯಾಸ್‌ಲೈಟ್ ಒಂದಿದ್ದದ್ದು ಎರಡಾಗಿ ಕಂಡಿತು. ಸಾಯುತ್ತೇನೆ ಎಂದೇ ಅಂದುಕೊಂಡೆ. ಅಜ್ಜಿ ನನ್ನ ಮುಖ ನೋಡಿದ್ದೇ, "ಕೂಸಿಗೆ ಅಡಿಕೆ ಸೊಕ್ಕಿದ್ದು, ತಣ್ಣೀರು ತಗಂಬಾ" ಎಂದು ಒಳಗೆ ಕೂಗಿದಳು. ಬಾಯಲ್ಲಿದ್ದದ್ದನ್ನು ಉಗುಳಿಸಿ, ನೀರು ಕುಡಿಸಿ, ನಾಲಿಗೆಯ ಮೇಲೆ ಒಂದು ಹರಳು ಉಪ್ಪಿಟ್ಟು ಜಗಲಿಯ ಮೇಲೆ ಮಲಗಿಸಿದರು. ಗ್ಯಾಸ್‌ಲೈಟಿಗೆ ಇನ್ನೊಮ್ಮೆ ಗಾಳಿ ಹೊಡೆಯುವಷ್ಟರಲ್ಲಿ ನಾನು ಎದ್ದು ಕೂತಿದ್ದೆ.

ಆಮೇಲೆ ನಾನು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದೆ. ಆ ರಾತ್ರಿ ನನ್ನ ಮೈಯಲ್ಲಿ ನಡೆದದ್ದು ಏನೆಂದು ಈಗ ಹೇಳಬಲ್ಲೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರಾಭ ಇದೆ. ಬೆವರು, ಜೊಲ್ಲು, ಎದೆಬಡಿತ, ಕರುಳಿನ ಚಲನೆ ಇವನ್ನೆಲ್ಲ ನಡೆಸುವ ನರಗಳಿಗೆ ನಮ್ಮದೇ ದೇಹದ ಅಸಿಟೈಲ್‌ಕೋಲಿನ್ ಸುದ್ದಿ ಮುಟ್ಟಿಸುತ್ತದೆ. ಅದು ಕೂರುವ ಜಾಗದಲ್ಲೇ ಅರೆಕೋಲಿನ್ ಹೋಗಿ ಕೂರುತ್ತದೆ. ಸುಣ್ಣ ಸೇರಿದರೆ ಹೊಟ್ಟೆಗೆ ಹೋಗುವವರೆಗೂ ಕಾಯುವುದಿಲ್ಲ, ಬಾಯೊಳಗಿನ ತೆಳುಪೊರೆಯಿಂದಲೇ ರಕ್ತಕ್ಕೆ ಇಳಿಯುತ್ತದೆ. ಒಂದೆರಡು ನಿಮಿಷದಲ್ಲಿ ಶುರುವಾಗಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದುಹೋಗುತ್ತದೆ. ದಿನವೂ ಕವಳ ಹಾಕುವವರಿಗೆ ಸೊಕ್ಕುವುದಿಲ್ಲ, ಏಕೆಂದರೆ ಅವರ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ. ಒಗ್ಗಿತೆಂದ ಮಾತ್ರಕ್ಕೆ ಕೆಡುಕು ತಪ್ಪಿತೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯ ದುಡ್ಡಿನಲ್ಲೇ ಓದಿದವಳು ನಾನು. ಇದನ್ನು ಬರೆಯುವುದು ಸುಲಭವಲ್ಲ, ಬರೆಯದೆ ಇರುವುದೂ ಸರಿಯಲ್ಲ.

ಸೊಕ್ಕು ಎಂಬ ಆ ಶಬ್ದ ಮಾತ್ರ ನನ್ನನ್ನು ಬಿಡಲೇ ಇಲ್ಲ. ತಿಂದದ್ದು ಮೈಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಮಾತುಗಳಿವೆ ನೋಡಿ! ಸೊಕ್ಕು, ಮಂಪರು, ನಂಜು, ಉಷ್ಣ, ವಾಯು, ಪಿತ್ತಗಂದೆ. ಇಷ್ಟು ಶಬ್ದ ಹುಟ್ಟಬೇಕಾದರೆ ಎಷ್ಟು ಜನ ತಮ್ಮ ಮೈಯನ್ನು ಗಮನಿಸಿ ನೋಡಿರಬೇಕು!

ಸಿರಿಧಾನ್ಯ ಎಂದು ಈಗ ಎಲ್ಲರ ಮನೆಗೂ ಬಂದಿರುವ ಹಾರಕವನ್ನೇ ತೆಗೆದುಕೊಳ್ಳಿ. ಒಳ್ಳೆಯ ಧಾನ್ಯ. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ತೆನೆಗೆ ಬೂಷ್ಟು ಬಂದರೆ ಅದೂ ಸೊಕ್ಕುತ್ತದೆ. ತಿಂದವರಿಗೆ ತಲೆ ತಿರುಗುತ್ತದೆ, ವಾಂತಿಯಾಗುತ್ತದೆ, ಕೈಕಾಲು ನಡುಗುತ್ತವೆ, ಎಚ್ಚರವೇ ಇಲ್ಲದಂತೆ ನಿದ್ದೆ ಎಳೆಯುತ್ತದೆ. ತಪ್ಪು ಧಾನ್ಯದ್ದಲ್ಲ. ಅದರ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಸೈಕ್ಲೋಪಿಯಾಜೋನಿಕ್ ಆಮ್ಲ ಎಂಬ ವಿಷವನ್ನು ಉಂಟುಮಾಡುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹದಿಮೂರು ಆನೆಗಳ ಒಂದು ಹಿಂಡು ಹಾರಕದ ಹೊಲಕ್ಕೆ ನುಗ್ಗಿ ಮೇಯಿತು. ಹತ್ತು ಆನೆಗಳು ಸತ್ತವು. ಅವುಗಳ ಒಡಲಲ್ಲಿ ಸಿಕ್ಕಿದ್ದು ಇದೇ ವಿಷ. ಇದು ಹೊಸ ಸಂಗತಿಯೂ ಅಲ್ಲ. ನಮ್ಮ ಕನ್ನಡ ನೆಲದಲ್ಲೇ ಬಾಳಿದ ಜೈನ ಆಚಾರ್ಯ ಪೂಜ್ಯಪಾದರು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಸಂಸ್ಕೃತದಲ್ಲಿ ಬರೆದ 'ಇಷ್ಟೋಪದೇಶ'ದಲ್ಲಿ ಮೋಹ ಕವಿದ ಮನಸ್ಸನ್ನು ಈ ಅಮಲಿನ ಹಾರಕ ತಿಂದವನ ಸ್ಥಿತಿಗೆ ಹೋಲಿಸಿದ್ದಾರೆ. ಓದುವವರಿಗೆ ಆ ಹೋಲಿಕೆ ಥಟ್ಟನೆ ಹೊಳೆಯಬೇಕಾದರೆ ಹಾರಕದ ಸೊಕ್ಕು ಆಗ ಎಲ್ಲರಿಗೂ ಗೊತ್ತಿದ್ದಿರಬೇಕು. ಹಾರಕ ಬೇಡ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಒಣಗಿದ್ದನ್ನು ಕೊಳ್ಳಿ, ಮುಗ್ಗಲು ವಾಸನೆ ಬಂದರೆ ತೊಳೆದು ಬೇಯಿಸುವ ಯೋಚನೆ ಬಿಟ್ಟು ಎಸೆದುಬಿಡಿ.

ನಮ್ಮ ಅಡಿಕೆ ತೋಟದಲ್ಲಿ ಮರಗಳ ನಡುವೆ ಜಾಯಿಕಾಯಿ ಗಿಡಗಳೂ ಇದ್ದವು. ಹೋಳಿಗೆಗೆ ಚಿಟಿಕೆಯಷ್ಟು ತುರಿದು ಹಾಕಿದರೆ ಪರಿಮಳ. ಚಿಟಿಕೆ ದಾಟಿದರೆ ಏನಾಗುತ್ತದೆ ಎಂದು ತೋರಿಸಿಕೊಟ್ಟವರು ನನ್ನ ಸೋದರಮಾವ. ಅವರಿಗೆ ವರ್ಷಗಟ್ಟಲೆ ನಿದ್ದೆಯ ತೊಂದರೆ. ಹಾಲಿಗೆ ಜಾಯಿಕಾಯಿ ಹಾಕಿ ಕುಡಿದರೆ ನಿದ್ದೆ ಬರುತ್ತದೆ ಎಂದು ಯಾರೋ ಹೇಳಿದ್ದರು. ಎಷ್ಟು ಎಂದು ಹೇಳಿರಲಿಲ್ಲ. ಮಾವ ಒಂದು ಇಡೀ ಕಾಯಿ ಕುಟ್ಟಿ ಪುಡಿ ಮಾಡಿ ಕುಡಿದರು. ರಾತ್ರಿ ಒಂಬತ್ತಕ್ಕೆ ಕುಡಿದದ್ದು, ಹನ್ನೆರಡಾದರೂ ಏನೂ ಆಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು, ಎದೆ ಹಾರತೊಡಗಿತು. ಮಾಡಿನ ಜಂತಿಗಳು ಹತ್ತಿರ ಬಂದು ದೂರ ಹೋಗುತ್ತಿವೆ ಎನ್ನತೊಡಗಿದರು. ಮುಖ ಕೆಂಪಾಗಿತ್ತು, ಆದರೆ ಜ್ವರವಿರಲಿಲ್ಲ. ಮರುದಿನವಿಡೀ ಅರೆಎಚ್ಚರ, ಅರೆನಿದ್ದೆ. ಸರಿಯಾಗಲು ಒಂದೂವರೆ ದಿನ ಬೇಕಾಯಿತು.

ಇದೇ ಪ್ರಯೋಗವನ್ನು 1829ರಲ್ಲಿ ಪುರ್ಕಿನೆ ಎಂಬ ಚೆಕ್ ವಿಜ್ಞಾನಿ ತನ್ನ ಮೇಲೆ ತಾನೇ ಮಾಡಿಕೊಂಡಿದ್ದ. ಹೃದಯದ ಪುರ್ಕಿಂಜೆ ತಂತುಗಳೆಂದು ಪಠ್ಯಪುಸ್ತಕದಲ್ಲಿ ಓದುತ್ತೇವಲ್ಲ, ಅದೇ ಮನುಷ್ಯ. ಮೂರು ಜಾಯಿಕಾಯಿ ತಿಂದು ಅಮಲೇರಿ, ತನಗೆ ಆದದ್ದನ್ನೆಲ್ಲ ಬರೆದಿಟ್ಟ. ಇದಕ್ಕೆ ಮುಖ್ಯ ಕಾರಣ ಮಿರಿಸ್ಟಿಸಿನ್ ಎಂಬ ಎಣ್ಣೆಯಂಶ ಎನ್ನುತ್ತಾರೆ. ಇದರ ಮೋಸ ಇರುವುದು ತಡವಾಗಿ ಕಾಣಿಸಿಕೊಳ್ಳುವುದರಲ್ಲಿ. ಮೂರರಿಂದ ಆರು ಗಂಟೆ ಏನೂ ಆಗುವುದಿಲ್ಲ, ಸಾಲಲಿಲ್ಲವೇನೋ ಎಂದು ಇನ್ನಷ್ಟು ತೆಗೆದುಕೊಳ್ಳುವವರಿದ್ದಾರೆ. ಹಸುಗೂಸು ಮಲಗಲಿ ಎಂದು ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯ್ದು ನೆಕ್ಕಿಸುವ ರೂಢಿ ಇಂದಿಗೂ ಇದೆ. ತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಅದನ್ನು ಬಿಡಿ. ದೊಡ್ಡವರಿಗೇ ಲೆಕ್ಕ ತಪ್ಪುವ ವಸ್ತು ಅದು, ಮೂರು ಕಿಲೋ ತೂಗುವ ಕೂಸಿಗೆ ಬೇಡ.

ನಿದ್ದೆ ತರುವ ಊಟ ಎಂದರೆ ನಮ್ಮ ಕಡೆ ಮೊದಲು ಹೇಳುವುದು ಅಪ್ಪೆಹುಳಿ. ಮಾವಿನಕಾಯಿ ಬೇಯಿಸಿ, ಕಿವುಚಿ, ನೀರಾಗಿ ಮಾಡಿ, ಹಸಿಮೆಣಸು ಉಪ್ಪು ಹಾಕಿ ಇಂಗಿನ ಒಗ್ಗರಣೆ ಕೊಡುವುದು. ಊಟದ ಕೊನೆಗೆ ಲೋಟದಲ್ಲಿ ಕುಡಿದರೆ ಕಣ್ಣು ತಾನಾಗಿ ಎಳೆಯುತ್ತದೆ. ನನಗೂ ಎಳೆಯುತ್ತದೆ. ಆದರೆ ಮಾವಿನಕಾಯಿಗೆ ಅದರ ಪೂರ್ತಿ ಕೀರ್ತಿ ಕೊಡಲು ನನ್ನ ಮನಸ್ಸು ಒಪ್ಪದು. ಅಪ್ಪೆಹುಳಿ ಕುಡಿಯುವುದು ಮಧ್ಯಾಹ್ನ ಎರಡರ ಸುಮಾರಿಗೆ, ಹೊಟ್ಟೆ ತುಂಬ ಅನ್ನ ಉಂಡ ಮೇಲೆ. ಉಂಡರೂ ಉಣ್ಣದಿದ್ದರೂ ಆ ಹೊತ್ತಿಗೆ ನಮ್ಮ ಮೈಯೊಳಗಿನ ಗಡಿಯಾರ ಎಚ್ಚರವನ್ನು ತುಸು ತಗ್ಗಿಸುತ್ತದೆ. ಅನ್ನ, ಸಿಹಿ, ತುಪ್ಪ ಹೆಚ್ಚಾದಷ್ಟೂ ಮಂಪರು ಆಳವಾಗುತ್ತದೆ. ರಕ್ತವೆಲ್ಲ ಹೊಟ್ಟೆಗೆ ಇಳಿದು ಮಿದುಳಿಗೆ ಕಡಿಮೆಯಾಗುತ್ತದೆ ಎಂದು ನಾನೂ ಬಹಳ ವರ್ಷ ಮಕ್ಕಳಿಗೆ ಹೇಳಿದ್ದೆ. ಅದು ತಪ್ಪು. ಮಿದುಳು ತನ್ನ ಪಾಲಿನ ರಕ್ತವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ನಿದ್ದೆ ಕೆಡಿಸುವ ಕಾಫಿಯದು ಬೇರೆಯೇ ಲೆಕ್ಕ. ದಿನವಿಡೀ ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆಯ ಒತ್ತಡ ತರುತ್ತದೆ. ಕೆಫೀನ್ ಅದರ ಜಾಗವನ್ನು ಅಡ್ಡಗಟ್ಟುತ್ತದೆ. ಕುಡಿದ ಕೆಫೀನಿನ ಅರ್ಧದಷ್ಟು ಕರಗಲು ಸಾಮಾನ್ಯವಾಗಿ ಐದು ಗಂಟೆ ಬೇಕು, ಬಸುರಿಯರಲ್ಲಿ ಹದಿನೈದು ಗಂಟೆಯವರೆಗೂ ಹಿಡಿಯಬಹುದು. ನನ್ನ ಯಜಮಾನರು ರಾತ್ರಿ ಊಟದ ಮೇಲೆ ಲೋಟ ಕಾಫಿ ಕುಡಿದು ಹಾಯಾಗಿ ಮಲಗುತ್ತಾರೆ, ನಾನು ಸಂಜೆ ಐದಕ್ಕೆ ಕುಡಿದರೆ ಎರಡರವರೆಗೆ ಹಂಚು ಎಣಿಸುತ್ತೇನೆ. ಕೆಫೀನನ್ನು ಕರಗಿಸುವ ಯಕೃತ್ತಿನ ಕಿಣ್ವ ಎಲ್ಲರಲ್ಲೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ. "ಎಲ್ಲ ನಿನ್ನ ಮನಸ್ಸಿನ ಭ್ರಮೆ" ಎಂದು ಅವರು ಹೇಳುತ್ತಿದ್ದ ಕಾಲವೊಂದಿತ್ತು. ಬೀಜದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಇರುವುದೇ ಇಲ್ಲ.

ಹೆದರಿಸಿ ಏನೂ ಮಾಡದೆ ಹೋಗುವವೂ ಇವೆ. ಬೀಟ್ರೂಟ್ ಪಲ್ಯ ತಿಂದ ಮರುದಿನ ಮೂತ್ರ ಕೆಂಪಾಗಿದ್ದು ನೋಡಿ ನನ್ನ ಶಿಷ್ಯೆಯೊಬ್ಬಳು ಅಳುತ್ತಾ ಬಂದಿದ್ದಳು. ನೂರರಲ್ಲಿ ಹತ್ತು ಹದಿನಾಲ್ಕು ಜನಕ್ಕೆ ಹಾಗಾಗುತ್ತದೆ. ಕಬ್ಬಿಣಾಂಶ ಕಡಿಮೆ ಇರುವವರಲ್ಲಿ ಹೆಚ್ಚು. ಅವಳಿಗೆ ರಕ್ತಪರೀಕ್ಷೆ ಮಾಡಿಸಿದಾಗ ರಕ್ತಹೀನತೆ ಇದ್ದದ್ದು ಗೊತ್ತಾಯಿತು. ಕೆಸುವಿನ ಸೊಪ್ಪಿನ ಕರ್ಕಲಿ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದು ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿಂದ. ಕುಮಟೆಯ ಗೆಳತಿ ಒಮ್ಮೆ ಬಂಗುಡೆ ತಿಂದು ಮುಖವೆಲ್ಲ ಕೆಂಪಾಗಿ, ತಲೆ ಸಿಡಿದು, ಇನ್ನು ಮೀನೇ ಮುಟ್ಟುವುದಿಲ್ಲ ಎಂದಿದ್ದಳು. ಅದು ಅಲರ್ಜಿಯಾಗಿರಲಿಲ್ಲ. ಹಿಡಿದ ಬಂಗುಡೆಯನ್ನು ಮಂಜುಗಡ್ಡೆಯಲ್ಲಿ ಇಡದೆ ಬಿಟ್ಟರೆ ಬ್ಯಾಕ್ಟೀರಿಯಾ ಅದರಲ್ಲಿ ಹಿಸ್ಟಮಿನ್ ತಯಾರಿಸುತ್ತವೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಾಜಾ ಬಂಗುಡೆಯನ್ನು ಆಕೆ ಈಗಲೂ ತಿನ್ನುತ್ತಾಳೆ.

ಇಷ್ಟೆಲ್ಲ ಬರೆಯಲು ಕೂತದ್ದು ನನ್ನ ತಂಗಿಯ ಮಗನಿಂದ. ಕಾಲೇಜಿಗೆ ಸೇರಿದ ವರ್ಷ ಅವನು "ದೊಡ್ಡಮ್ಮ, ನನಗೆ ಚಪಾತಿ ಆಗಿಬರೋದಿಲ್ಲ" ಎಂದ. ಮನೆಯಲ್ಲಿ ಎಲ್ಲರೂ ನಕ್ಕೆವು. ರಾತ್ರಿ ದಿನವೂ ನಾಲ್ಕು ಚಪಾತಿ ತಿಂದು ಮಲಗುವ ಹುಡುಗ. ಸಂಜೆ ಚಪಾತಿ ತಿಂದು ವಾಲಿಬಾಲ್ ಆಡಲು ಹೋದ ದಿನ ಮಾತ್ರ ಮೈತುಂಬ ಗಂದೆ ಏಳುತ್ತದೆ ಎಂದು ಅವನು ವಿವರಿಸುವಷ್ಟು ಹೊತ್ತು ನಾವು ಯಾರೂ ಕೇಳಲಿಲ್ಲ, ವಿಜ್ಞಾನದ ಮೇಷ್ಟರಾಗಿದ್ದ ನಾನೂ ಕೇಳಲಿಲ್ಲ. ಮೂರು ತಿಂಗಳ ನಂತರ ಮೈದಾನದಲ್ಲಿ ತುಟಿ ಊದಿ, ಉಸಿರು ಕಟ್ಟಿ ಕುಸಿದುಬಿದ್ದ. ಸಹಪಾಠಿಗಳು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟ ಮೇಲೆ ಉಸಿರು ಬಂತು. ಅಲ್ಲಿನ ವೈದ್ಯೆ ಕೇಳಿದ ಪ್ರಶ್ನೆ ನಮ್ಮಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆ: "ಏನು ತಿಂದೆ, ತಿಂದ ಮೇಲೆ ಎರಡು ಗಂಟೆ ಏನು ಮಾಡಿದೆ?"

ಗೋಧಿಯ ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನಿಗೆ ಹೀಗೆ ತಿರುಗಿಬೀಳುವ ದೇಹಗಳಿವೆ. ಸುಮ್ಮನೆ ಕೂತರೆ ಏನೂ ಇಲ್ಲ. ತಿಂದು ಓಡಿದರೆ, ಆಡಿದರೆ, ಕೆಲವೊಮ್ಮೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಿದರೂ ಪ್ರಾಣಕ್ಕೇ ಬರುತ್ತದೆ. ರಕ್ತಪರೀಕ್ಷೆಯಿಂದ ಅದು ಖಚಿತವಾಯಿತು. ಈಗ ಅವನು ಆಟದ ದಿನ ಗೋಧಿ ಮುಟ್ಟುವುದಿಲ್ಲ, ಬೇರೆ ದಿನ ತಿಂದರೆ ನಾಲ್ಕಾರು ಗಂಟೆ ಮೈದಾನಕ್ಕೆ ಇಳಿಯುವುದಿಲ್ಲ. ಅವನ ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ತಿಂದದ್ದು, ತಿಂದ ಹೊತ್ತು, ಆಮೇಲೆ ಮಾಡಿದ್ದು, ಮೈಯಲ್ಲಿ ಆದದ್ದು, ನಿದ್ದೆ ಬಂದದ್ದು ಎಲ್ಲ ಅದರಲ್ಲಿ ಬರೆಯುತ್ತಾನೆ. ವೈದ್ಯರ ಬಳಿ ಹೋಗುವ ಯಾರೇ ಆಗಲಿ, ಎರಡು ವಾರ ಹೀಗೆ ಬರೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ನಮ್ಮ ಊಟದ ಪಂಕ್ತಿಗಳಲ್ಲಿ ಉಪಚಾರ ಜಾಸ್ತಿ. ಬೇಡವೆಂದು ಬಾಳೆಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಬಡಿಸುತ್ತೇವೆ, ಅದು ಪ್ರೀತಿಯಿಂದಲೇ. ಆದರೆ ಕೈ ಅಡ್ಡ ಹಿಡಿದವರು "ನನಗದು ಆಗಿಬರೋದಿಲ್ಲ" ಎಂದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ, ಮುಂದಿನ ಎಲೆಗೆ ಹೋಗಿ. ತಿಂದ ಮೇಲೆ ಯಾರಿಗಾದರೂ ತುಟಿ, ನಾಲಿಗೆ ಊದಿದರೆ, ಧ್ವನಿ ಬದಲಾದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. 108ಕ್ಕೆ ಕರೆ ಮಾಡಿ.