ಚಂದ್ರನ ನೀರು ಹುಡುಕಲು ಹೊರಟ ಶೂ ಡಬ್ಬಗಳು

ಚಂದ್ರನ ಮೇಲೆ ನೀರಿದೆ ಅಂತ ನಮಗೆಲ್ಲ ಗೊತ್ತು. ನಮ್ಮ ಚಂದ್ರಯಾನ-1ರಲ್ಲಿ ಕೂತು ಹೋದ ನಾಸಾದ ಒಂದು ಉಪಕರಣ ಅದರ ಸುಳಿವು ಹಿಡಿದ ಸುದ್ದಿ 2009ರಲ್ಲೇ ಬಂತು. ಹಾಗಾದ್ರೆ ಇನ್ನೂ ಏನು ಹುಡುಕ್ತಿದ್ದಾರೆ? "ಕರ್ನಾಟಕದಲ್ಲಿ ನೀರಿದೆ" ಅಂದ್ರೆ ಬೋರ್‌ವೆಲ್ ಕೊರೆಸೋರಿಗೆ ಏನೂ ಉಪಯೋಗ ಇಲ್ಲ. ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ, ಎಷ್ಟು ನೀರು? ಚಂದ್ರನ ವಿಷಯದಲ್ಲೂ ಈಗ ಬೇಕಾಗಿರೋದು ಅದೇ ಲೆಕ್ಕ.

ಚಂದ್ರನ ಅಕ್ಷ ವಾಲಿರೋದು ಸುಮಾರು 1.5 ಡಿಗ್ರಿ ಅಷ್ಟೇ. ಹಾಗಾಗಿ ಧ್ರುವಗಳ ಹತ್ತಿರ ಇರೋ ಕೆಲವು ಆಳವಾದ ಕುಳಿಗಳ ತಳಕ್ಕೆ ಬಿಸಿಲು ಬೀಳೋದೇ ಇಲ್ಲ. ಅಲ್ಲಿನ ಚಳಿ ಮೈನಸ್ 200 ಡಿಗ್ರಿಗಿಂತ ಕೆಳಗೂ ಹೋಗುತ್ತೆ. ಮಂಜುಗಡ್ಡೆ ಉಳಿದಿದ್ದರೆ ಅಲ್ಲೇ. ಆದರೆ ಕತ್ತಲಲ್ಲಿ ನೋಡೋದು ಹೇಗೆ?

ಎರಡು ಕ್ಯೂಬ್‌ಸ್ಯಾಟ್‌ಗಳು ಇದಕ್ಕೆ ಎರಡು ಉಪಾಯ ಹೂಡಿದ್ದವು. ಎರಡೂ ಹೆಚ್ಚುಕಮ್ಮಿ ದೊಡ್ಡ ಶೂ ಡಬ್ಬದ ಸೈಜು. ನಾಸಾದ ಲೂನಾರ್ ಫ್ಲ್ಯಾಶ್‌ಲೈಟ್, ಹೆಸರೇ ಹೇಳುವಂತೆ, ತನ್ನ ಟಾರ್ಚ್ ತಾನೇ ಹೊತ್ತುಕೊಂಡು ಹೋಗಿತ್ತು. ಅದರಲ್ಲಿದ್ದದ್ದು ನಾಲ್ಕು ಇನ್‌ಫ್ರಾರೆಡ್ ಲೇಸರ್. ಎರಡರ ಬೆಳಕನ್ನ ಮಂಜುಗಡ್ಡೆ ಹೀರಿಕೊಳ್ಳುತ್ತೆ, ಇನ್ನೆರಡರದ್ದು ವಾಪಸ್ ಬರುತ್ತೆ. ವಾಪಸ್ ಬಂದ ಬೆಳಕನ್ನ ಹೋಲಿಸಿದರೆ ಮೇಲ್ಮೈಯಲ್ಲಿ ಮಂಜುಗಡ್ಡೆ ಇದೆಯಾ ಅಂತ ಗೊತ್ತಾಗುತ್ತೆ.

ನಮಗೆ ಜಾಸ್ತಿ ಇಷ್ಟವಾದದ್ದು ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯ ಲೂನಾಹ್-ಮ್ಯಾಪ್. ಇದಕ್ಕೆ ಬೆಳಕೇ ಬೇಡ. ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣಗಳು ಚಂದ್ರನ ಮಣ್ಣಿಗೆ ಬಡಿದಾಗ ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಗೋಲಿ ಆಡಿದವರಿಗೆ ಇದು ಸುಲಭ. ಗೋಲಿಯನ್ನ ದೊಡ್ಡ ಕಲ್ಲಿಗೆ ಹೊಡೆದರೆ ಪುಟಿದು ಬರುತ್ತೆ. ಅದೇ ಸೈಜಿನ ಇನ್ನೊಂದು ಗೋಲಿಗೆ ನೇರ ಹೊಡೆದರೆ, ಹೊಡೆದ ಗೋಲಿ ಹೆಚ್ಚುಕಮ್ಮಿ ಅಲ್ಲೇ ನಿಂತುಬಿಡುತ್ತೆ. ಮಣ್ಣಿನ ಬೇರೆ ಪರಮಾಣುಗಳು ಕಲ್ಲಿದ್ದ ಹಾಗೆ. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಮಾತ್ರ ನ್ಯೂಟ್ರಾನಿನಷ್ಟೇ ತೂಕದ್ದು. ಹೈಡ್ರೋಜನ್ ಜಾಸ್ತಿ ಇರೋ ಕಡೆ ನ್ಯೂಟ್ರಾನ್‌ಗಳು ಬೇಗ ವೇಗ ಕಳೆದುಕೊಳ್ಳುತ್ತವೆ, ವೇಗವಾಗಿ ಹೊರಬರೋವು ಕಮ್ಮಿಯಾಗುತ್ತವೆ. ಆ ಕೊರತೆಯೇ ನೀರಿನ ಸುಳಿವು, ಅದೂ ಮೇಲ್ಮೈಯಿಂದ ಸುಮಾರು ಒಂದು ಮೀಟರ್ ಕೆಳಗಿನವರೆಗೂ. ತೊಂದರೆ ಏನಂದ್ರೆ ನ್ಯೂಟ್ರಾನ್‌ಗೆ ಲೆನ್ಸ್ ಇಟ್ಟು ಜೂಮ್ ಮಾಡೋಕಾಗಲ್ಲ. ನಕ್ಷೆ ಸ್ಪಷ್ಟವಾಗಬೇಕಾದರೆ ತೀರಾ ಕೆಳಗೆ ಹಾರಬೇಕು.

ಹಾರಲಿಲ್ಲ. ಲೂನಾಹ್-ಮ್ಯಾಪ್ 2022ರ ನವೆಂಬರ್ 16ರಂದು ಆರ್ಟೆಮಿಸ್-1 ಜೊತೆ ಹೊರಟಿತು. ಅದರ ಎಂಜಿನ್ನಿಗೆ ಘನ ಅಯೋಡಿನ್ನೇ ಇಂಧನ, ಅದನ್ನ ಬಿಸಿ ಮಾಡಿ ಅನಿಲವಾಗಿಸಿ ಬಳಸಬೇಕು. ಒಂದು ವಾಲ್ವ್ ಸಿಕ್ಕಿಹಾಕಿಕೊಂಡಿತ್ತು. ತಂಡದವರು ಅದನ್ನ ಬಿಸಿ ಮಾಡಿ ಸಡಿಲಿಸೋಕೆ ತಿಂಗಳುಗಟ್ಟಲೆ ಒದ್ದಾಡಿದರು, ಆಗಲಿಲ್ಲ. ಲೂನಾರ್ ಫ್ಲ್ಯಾಶ್‌ಲೈಟ್ ಡಿಸೆಂಬರ್ 11ಕ್ಕೆ ಹೊರಟಿತು. ಅದರ ಥ್ರಸ್ಟರ್‌ಗಳಿಗೆ ಇಂಧನ ಸರಿಯಾಗಿ ತಲುಪಲಿಲ್ಲ. 3ಡಿ ಪ್ರಿಂಟ್ ಮಾಡಿದ ಭಾಗದೊಳಗಿನ ಲೋಹದ ಚೂರು ದಾರಿಗೆ ಅಡ್ಡ ಬಂದಿರಬೇಕು ಅನ್ನೋದು ತಂಡದ ಅನುಮಾನ. 2023ರ ಮೇನಲ್ಲಿ ಮಿಷನ್ ಮುಗಿಸಿದರು.

ಆದರೆ ಲೇಸರ್ ಉಪಕರಣವನ್ನ ಬಾಹ್ಯಾಕಾಶದಲ್ಲಿ ಟೆಸ್ಟ್ ಮಾಡಿದಾಗ ಸರಿಯಾಗಿಯೇ ಕೆಲಸ ಮಾಡಿತು. ಲೂನಾಹ್-ಮ್ಯಾಪ್ ಕೂಡ ಚಂದ್ರನ ಪಕ್ಕ ಒಮ್ಮೆ ಹಾದುಹೋಗುವಾಗಲೇ ನ್ಯೂಟ್ರಾನ್ ಎಣಿಸಿ ತೋರಿಸಿತು. ಎಲ್ಲರೂ ಕಷ್ಟ ಅಂದುಕೊಂಡ ವಿಜ್ಞಾನದ ಭಾಗ ಗೆದ್ದಿತು. ಕೈಕೊಟ್ಟದ್ದು ವಾಲ್ವು, ಪೈಪು!

ಹಾಗಂತ ಇದು ಬರೀ ದುರದೃಷ್ಟ ಅಂತ ನಮಗೆ ಅನ್ನಿಸೋದಿಲ್ಲ. ಚಂದ್ರಯಾನ-1 ಹೊರಟಾಗ ಸುಮಾರು 1,380 ಕೆಜಿ ಇತ್ತು, ಫ್ಲ್ಯಾಶ್‌ಲೈಟ್ ಸುಮಾರು 14 ಕೆಜಿ. ಅಷ್ಟರಲ್ಲಿ ಸ್ಪೇರ್ ಇಡೋಕೆ ಜಾಗ ಎಲ್ಲಿ? ಸೈಜು ಸ್ವಲ್ಪ ದೊಡ್ಡದು ಮಾಡಿದರೂ ಸಾಲದು. 2025ರ ಫೆಬ್ರವರಿಯಲ್ಲಿ ಹೊರಟ ಲೂನಾರ್ ಟ್ರೇಲ್‌ಬ್ಲೇಜರ್ ಸುಮಾರು 200 ಕೆಜಿ ಇತ್ತು, ಮರುದಿನವೇ ಸಂಪರ್ಕ ತಪ್ಪಿತು. ಸೋಲಾರ್ ಪ್ಯಾನೆಲ್ ಸೂರ್ಯನ ಕಡೆ ಸರಿಯಾಗಿ ತಿರುಗಿರಲಿಲ್ಲವಂತೆ.

ನಮ್ಮ ಬ್ಯಾಚಿನಲ್ಲಿ ಸ್ಯಾಟಲೈಟ್ ಮಾಡೋಣ ಅಂತ ಮಾತು ಬಂದಾಗಲೆಲ್ಲ ಪೇಲೋಡ್ ಟೀಮಿಗೆ ಸಿಕ್ಕಾಪಟ್ಟೆ ಜನ ಕೈ ಎತ್ತುತ್ತಾರೆ. ಪ್ರೊಪಲ್ಶನ್ನಿಗೆ ಇದುವರೆಗೆ ಇಬ್ಬರು.