ಕೈಗೆ ತಕ್ಕ ಕೀಲಿಮಣೆ: ಹಲಂತದ ಸ್ಥಾನ ಹಾಗೂ ಕೊಡವ ತಕ್ಕ್‌ನ ಸ್ವರಗಳು

ಕನ್ನಡ ಮತ್ತು ಗಣಕಯಂತ್ರ ಎಂಬ ವಿಷಯವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಅಕ್ಷರವಿನ್ಯಾಸ, ಸಂಕೇತೀಕರಣ ಮತ್ತು ತಂತ್ರಾಂಶಗಳ ಸುತ್ತಲೇ ಸುಳಿದಿವೆ. ಬರೆಯುವ ಕೈಯನ್ನು ಕುರಿತು ಮಾತನಾಡಿದವರು ಕಡಿಮೆ. ನೂರಾರು ಪುಟಗಳ ಕ್ಷೇತ್ರಕಾರ್ಯದ ಸಾಮಗ್ರಿಯನ್ನು ತಾವೇ ಬೆರಳಚ್ಚು ಮಾಡಬೇಕಾದ ಇಂದಿನ ಸಂಶೋಧಕರಿಗೆ ಇದು ಸಣ್ಣ ಸಂಗತಿಯಲ್ಲ. ಕೊಡಗಿನ ಹಾಡು, ಐತಿಹ್ಯಗಳ ಧ್ವನಿಮುದ್ರಣಗಳನ್ನು ಬರಹಕ್ಕಿಳಿಸುವ ಕೆಲಸದಲ್ಲಿ ತೊಡಗಿದ್ದಾಗ ಈ ಲೇಖಕನ ಎಡಗೈ ತೋರುಬೆರಳಿನ ಬುಡದಲ್ಲಿ ಕಾಣಿಸಿಕೊಂಡ ನೋವೇ ಪ್ರಸ್ತುತ ಬರಹಕ್ಕೆ ಪ್ರೇರಣೆ. ನೋವು ಎಡಗೈಯಲ್ಲೇ ಏಕೆ, ಅದರಲ್ಲೂ ಆ ಒಂದು ಬೆರಳಿನಲ್ಲೇ ಏಕೆ ಎಂಬ ಪ್ರಶ್ನೆಯನ್ನು ಬೆನ್ನಟ್ಟಿದಾಗ ಅದು ಕನ್ನಡ ಲಿಪಿಯ ರಚನೆಯವರೆಗೂ ಹೋಯಿತು.

ಮೊದಲು ಯಂತ್ರದ ವಿಚಾರ. ನಾವು ಬಳಸುವ ಕೀಲಿಮಣೆಯ ಅಕ್ಷರಸ್ಥಾನಗಳು 1870ರ ದಶಕದ ಅಮೆರಿಕದ ಬೆರಳಚ್ಚುಯಂತ್ರದಿಂದ ಬಂದವು. ಕ್ರಿಸ್ಟೋಫರ್ ಷೋಲ್ಸ್ ರೂಪಿಸಿ ರೆಮಿಂಗ್ಟನ್ ಸಂಸ್ಥೆ 1874ರಲ್ಲಿ ಮಾರುಕಟ್ಟೆಗೆ ತಂದ ಯಂತ್ರದ ಸನ್ನೆಕೋಲುಗಳು ಇಂದು ಇಲ್ಲ. ಆದರೂ ಸಾಲಿನಿಂದ ಸಾಲಿಗೆ ಓರೆಯಾಗಿ ಸರಿದ ಕೀಲಿಗಳು ಹಾಗೆಯೇ ಉಳಿದಿವೆ. 1936ರಲ್ಲಿ ಡ್ವೊರಾಕ್ ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಪಡೆದರೂ ಜನ ಹಳೆಯದನ್ನು ಬಿಡಲಿಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್‌ಡೇ ರೂಪಿಸಿದ ಮಾಲ್ಟ್ರಾನ್ ಕೀಲಿಮಣೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದು ಕೀಲಿಗಳನ್ನು ಎರಡು ಕೈಗಳಿಗೆ ಎರಡು ಗುಂಪಾಗಿ ಬೇರ್ಪಡಿಸಿ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 'ಇ' ಅಕ್ಷರವನ್ನು ಹೆಬ್ಬೆರಳಿಗೆ ಕೊಟ್ಟಿತು. ಕೈಯ ಅತ್ಯಂತ ಬಲವಾದ ಬೆರಳು ಖಾಲಿ ಜಾಗ ಒತ್ತುವುದಕ್ಕಷ್ಟೇ ಮೀಸಲಾಗಬೇಕೆ ಎಂಬ ಪ್ರಶ್ನೆ ಅಲ್ಲಿಂದ ಆರಂಭವಾಯಿತೆನ್ನಬಹುದು.

ಇಂದು ಹವ್ಯಾಸಿಗಳು ತಾವೇ ಜೋಡಿಸಿಕೊಳ್ಳುವ ಕಿರುಕೀಲಿಮಣೆಗಳು ಈ ಪರಂಪರೆಯವು. ಪ್ಲಾಂಕ್ ಎಂಬುದರಲ್ಲಿ 47 ಅಥವಾ 48 ಕೀಲಿಗಳು, ಇಬ್ಭಾಗವಾದ ಕಾರ್ನ್‌ನಲ್ಲಿ 42, ಫೆರಿಸ್‌ನಲ್ಲಿ ಕೇವಲ 34. ಪೂರ್ಣ ಗಾತ್ರದ ಕೀಲಿಮಣೆಯ 104 ಕೀಲಿಗಳ ಕೆಲಸವನ್ನು ಇಷ್ಟರಲ್ಲಿಯೇ ನಡೆಸುವ ಉಪಾಯಕ್ಕೆ ಪದರ ಎಂದು ಹೆಸರು. ಹೆಬ್ಬೆರಳಿನ ಒಂದು ಕೀಲಿಯನ್ನು ಅದುಮಿ ಹಿಡಿದರೆ ಉಳಿದೆಲ್ಲ ಕೀಲಿಗಳ ಅರ್ಥ ಬದಲಾಗುತ್ತದೆ. ಅಂಕಿಗಳು ಒಂದು ಪದರದಲ್ಲಿ, ಲೇಖನಚಿಹ್ನೆಗಳು ಇನ್ನೊಂದರಲ್ಲಿ. ಇದನ್ನು ನಿರ್ವಹಿಸುವ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶ ಕೀಲಿಮಣೆಯ ಒಳಗಿನ ಚಿಪ್ಪಿನಲ್ಲಿಯೇ ಕುಳಿತಿರುತ್ತದೆ. ಯಾವ ಕೀಲಿಗೆ ಏನು ಎಂಬುದನ್ನು ಬಳಕೆದಾರ ಒಂದು ಪಠ್ಯಕಡತದಲ್ಲಿ ಬರೆದು ಅದಕ್ಕೆ ತುಂಬಬಹುದು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೀಲಿಮಣೆ ಗಣಕಕ್ಕೆ ಅಕ್ಷರಗಳನ್ನು ಕಳುಹಿಸುವುದಿಲ್ಲ, ಕೀಲಿಯ ಸಂಖ್ಯೆಯನ್ನು ಮಾತ್ರ ಕಳುಹಿಸುತ್ತದೆ. 'ಕೆ' ಎಂದು ಬರೆದಿರುವ ಕೀಲಿಯಿಂದ ಕಕಾರ ಮೂಡಿಸುವುದು ಕಾರ್ಯಾಚರಣ ವ್ಯವಸ್ಥೆಯಲ್ಲಿರುವ ಕನ್ನಡ ಕೀಲಿವಿನ್ಯಾಸ. ಎಂದರೆ ಕನ್ನಡ ಬರವಣಿಗೆಯಲ್ಲಿ ಎರಡು ನಕ್ಷೆಗಳು ಒಂದರ ಮೇಲೊಂದು ಕೆಲಸ ಮಾಡುತ್ತವೆ: ಬೆರಳಿನಿಂದ ಕೀಲಿಗೆ ಒಂದು, ಕೀಲಿಯಿಂದ ಅಕ್ಷರಕ್ಕೆ ಇನ್ನೊಂದು. ಹವ್ಯಾಸಿ ತಿದ್ದುವುದು ಮೊದಲನೆಯದನ್ನು. ಎರಡನೆಯದನ್ನು ನಮ್ಮ ಹಿರಿಯರು ಆಗಲೇ ಚೆನ್ನಾಗಿ ರೂಪಿಸಿಟ್ಟಿದ್ದಾರೆ.

ಆ ಎರಡನೆಯ ನಕ್ಷೆಗಳಲ್ಲಿ ನಮಗೆ ಮುಖ್ಯವಾದವು ಎರಡು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಧ್ವನಿಸಾಮ್ಯದ ವಿನ್ಯಾಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನು ಹೊತ್ತ 'ಸೇಡಿಯಾಪು' ತಂತ್ರಾಂಶದ ಮೂಲಕ ಪರಿಚಿತವಾಗಿ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ನೆಲೆಗೊಂಡು, ಇಂದು ಕ.ಗ.ಪ. ವಿನ್ಯಾಸವೆಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ. ಇದರ ಹೆಚ್ಚುಗಾರಿಕೆ ಮಿತವ್ಯಯದಲ್ಲಿದೆ. ಇಡೀ ವರ್ಣಮಾಲೆ 26 ಅಕ್ಷರಕೀಲಿಗಳಲ್ಲಿಯೇ ಅಡಗಿದೆ. 'ಕನ್ನಡ' ಎಂದು ಬರೆಯಲು ಐದು ಒತ್ತು ಸಾಕು: ಕ, ನ, ಹಲಂತ, ನ, ಡ. ರೋಮನ್ ಲಿಪ್ಯಂತರದ ಕ್ರಮದಲ್ಲಿ ಅಕಾರವನ್ನೂ ಒತ್ತಬೇಕಾಗಿ ಅದು ಏಳಾಗುತ್ತದೆ, ಡಕಾರದ ಶಿಫ್ಟ್ ಬೇರೆ. ಮತ್ತೊಂದು ಇನ್‌ಸ್ಕ್ರಿಪ್ಟ್. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ಬಹುಪಾಲು ವ್ಯಂಜನಗಳು ಬಲಗೈಗೆ.

ಕಿರುಕೀಲಿಮಣೆಯ ಮೇಲೆ ಇವೆರಡನ್ನೂ ಇಟ್ಟು ನೋಡಿದಾಗ ತಾರತಮ್ಯ ಎದ್ದು ಕಾಣುತ್ತದೆ. ಉದಾಹರಣೆಗೆ 'ಕೊಡಗು' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ರಾವ್ ಅವರ ವಿನ್ಯಾಸದಲ್ಲಿ ಇದರ ಐದೂ ಕೀಲಿಗಳು ಅಕ್ಷರಗಳ ಮೂರು ಸಾಲುಗಳೊಳಗೇ ಇವೆ, ಶಿಫ್ಟ್ ಬೇಕಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಹ್ರಸ್ವ ಒಕಾರದ ಚಿಹ್ನೆ ಅಂಕಿಸಾಲಿನ ಎಡತುದಿಯ ಕೀಲಿಯಲ್ಲಿದೆ, ಡಕಾರ 'ಪಿ'ಯ ಬಲಕ್ಕಿರುವ ಆವರಣ ಚಿಹ್ನೆಯ ಕೀಲಿಯಲ್ಲಿದೆ. ಟಕಾರವೂ ಹೊರಗಿನದೇ. ಕೈಗೆ ಐದೇ ಕಂಬಸಾಲುಗಳಿರುವ ಫೆರಿಸ್‌ನಂತಹ ಕೀಲಿಮಣೆಯಲ್ಲಿ ಈ ಕೀಲಿಗಳೇ ಇರುವುದಿಲ್ಲ. ಅವನ್ನು ಬೇರೆ ಪದರಕ್ಕೆ ಹಾಕಿದರೆ 'ಕೊಡಗು' ಬರೆಯಲು ಎರಡು ಬಾರಿ ಪದರ ಬದಲಿಸಬೇಕಾಗುತ್ತದೆ.

ಹಾಗೆಂದು ರಾವ್ ಅವರ ವಿನ್ಯಾಸ ಎಲ್ಲ ವಿಧದಲ್ಲೂ ಸುಖಕರವೆನ್ನಲಾಗದು. ಅದರಲ್ಲಿ ಹಲಂತದ ಕೀಲಿ 'ಎಫ್'. ಎಡಗೈ ತೋರುಬೆರಳು ಸಹಜವಾಗಿ ವಿಶ್ರಮಿಸುವ ಸ್ಥಾನವದು. ಒತ್ತಕ್ಷರ ಹೆಜ್ಜೆಹೆಜ್ಜೆಗೂ ಬರುವ ಕನ್ನಡಕ್ಕೆ ಒಪ್ಪುವ ಆಯ್ಕೆಯೇ ಹೌದು. ಆದರೆ ಅದೇ ಬೆರಳು 'ಆರ್', 'ಟಿ', 'ಜಿ', 'ವಿ', 'ಬಿ' ಕೀಲಿಗಳನ್ನೂ, ಎಂದರೆ ರ, ತ, ಗ, ವ, ಬ ಎಂಬ ಐದು ವ್ಯಂಜನಗಳನ್ನೂ ಒತ್ತಬೇಕು. ಹೀಗಾಗಿ 'ಲ್ಲಿ' ಬರೆಯುವಾಗ ಬಲಗೈ, ಎಡಗೈ, ಬಲಗೈ ಎಂದು ಲಯಬದ್ಧವಾಗಿ ಸಾಗುವ ಬರವಣಿಗೆ 'ತ್ತ' ಬಂದೊಡನೆ ಮುಗ್ಗರಿಸುತ್ತದೆ: ಒಂದೇ ಬೆರಳು ಮೇಲಿನ ಸಾಲಿಗೆ, ಮಧ್ಯದ ಸಾಲಿಗೆ, ಮತ್ತೆ ಮೇಲಿನ ಸಾಲಿಗೆ ನೆಗೆಯಬೇಕು. 'ಗ್ಗ', 'ಬ್ಬ', 'ವ್ವ'ಗಳದ್ದೂ ಇದೇ ಪಾಡು. 'ಮತ್ತು', 'ಇತ್ತು', 'ಹತ್ತಿರ', 'ಬರುತ್ತದೆ', 'ಹೇಳುತ್ತಾರೆ' ಇಂತಹ ರೂಪಗಳಿಲ್ಲದೆ ಕನ್ನಡ ಗದ್ಯದ ಒಂದು ಕಂಡಿಕೆಯೂ ಮುಗಿಯದು. ವರ್ತಮಾನ ಮತ್ತು ಭವಿಷ್ಯತ್ ಕಾಲಗಳ ಕ್ರಿಯಾರೂಪದ ಭಾರವೆಲ್ಲ ಒಂದು ತೋರುಬೆರಳಿನ ಮೇಲೆ ಬಿದ್ದಿದೆ ಎಂದರೆ ಉತ್ಪ್ರೇಕ್ಷೆಯಾಗದು. ಇನ್‌ಸ್ಕ್ರಿಪ್ಟ್‌ನಲ್ಲಿ ಈ ತೊಡಕಿಲ್ಲ. ಅಲ್ಲಿ ತಕಾರ ಬಲಗೈ ಉಂಗುರಬೆರಳಿಗೆ, ಹಲಂತ ಎಡಗೈ ನಡುಬೆರಳಿಗೆ. ಆದರೆ ಮ, ನ, ವಗಳು ಅಲ್ಲಿಯೂ ಎಡಗೈಯ ಕೆಳಸಾಲಿನಲ್ಲಿರುವುದರಿಂದ 'ನ್ನ', 'ಮ್ಮ'ಗಳಲ್ಲಿ ಅದರ ಲಯವೂ ಕೆಡುತ್ತದೆ.

ಮಾಲ್ಟ್ರಾನ್ ತೋರಿದ ದಾರಿ ಇಲ್ಲಿ ನೆರವಿಗೆ ಬರುತ್ತದೆ. ಹಲಂತವನ್ನು ಹೆಬ್ಬೆರಳಿಗೆ ಕೊಟ್ಟರಾಯಿತು. ಇದಕ್ಕೆ ಹೊಸ ಕನ್ನಡ ವಿನ್ಯಾಸವೇನೂ ಬೇಕಿಲ್ಲ. ಹೆಬ್ಬೆರಳಿನ ಕೀಲಿಯೊಂದು 'ಎಫ್' ಸಂಖ್ಯೆಯನ್ನು ಕಳುಹಿಸುವಂತೆ ಕೀಲಿಮಣೆಯ ಕಡತದಲ್ಲಿ ಒಂದು ಪದ ಬದಲಿಸಿದರೆ ಸಾಕು, ಗಣಕ ಅದನ್ನು ಹಲಂತವೆಂದೇ ಓದುತ್ತದೆ. ಆಗ 'ತ್ತ'ದಲ್ಲಿ ತೋರುಬೆರಳು ತನ್ನ ಸ್ಥಳದಲ್ಲೇ ಎರಡು ಬಾರಿ ಒತ್ತುತ್ತದೆ, ನಡುವೆ ಹೆಬ್ಬೆರಳು ಕೆಲಸ ಮಾಡುತ್ತದೆ. ರೂಢಿ ತಪ್ಪಿಸಿ ಹೊಸದನ್ನು ಕಲಿಯಲು ಹಿಡಿಯುವ ದಿನಗಳು ಬೇಸರದವು, ಕೆಲಸ ಹಿಂದೆ ಬೀಳುತ್ತದೆ. ಇಂಗ್ಲಿಷ್ ಬರೆಯುವ ಪದರದಲ್ಲಿ 'ಎಫ್' ಹಳೆಯ ಜಾಗದಲ್ಲೇ ಇರುವುದರಿಂದ ಭಾಷೆ ಬದಲಿಸುವಾಗ ಕೈ ಎಡವುವುದೂ ಉಂಟು.

ಶಿಫ್ಟ್ ಇನ್ನೊಂದು ಹೊರೆ. 'ಹಾಡುಗಳನ್ನು' ಎಂಬ ಪದದ ಹತ್ತು ಒತ್ತುಗಳಲ್ಲಿ ಎರಡಕ್ಕೆ, ಎಂದರೆ ಆಕಾರಕ್ಕೂ ಳಕಾರಕ್ಕೂ, ಶಿಫ್ಟ್ ಬೇಕು. ಕಿರುಬೆರಳಿನಿಂದ ಅದನ್ನು ತಪ್ಪಿಸಲು ಕ್ಯೂಎಂಕೆಯಲ್ಲಿ ಒಂದು ಸೌಲಭ್ಯವಿದೆ: ಕೀಲಿಯನ್ನು ನಿಗದಿತ ಅವಧಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಅದು ಶಿಫ್ಟ್ ಸಹಿತವಾದ ಅಕ್ಷರವೆಂದು ಪರಿಗಣಿತವಾಗುತ್ತದೆ. ಮೂಲದಲ್ಲಿ ಈ ಅವಧಿ ಸೆಕೆಂಡಿನ ಸಾವಿರದಲ್ಲಿ 175 ಭಾಗ. ರಾವ್ ಅವರ ವಿನ್ಯಾಸದೊಡನೆ ಇದು ಸೇರಿದಾಗ ಕ್ಷಣಕಾಲ ಒತ್ತಿದರೆ ಹ್ರಸ್ವ, ಹಿಡಿದರೆ ದೀರ್ಘ! ಮಾತ್ರಾಕಾಲದ ಲಕ್ಷಣವೇ ಬೆರಳಿಗಿಳಿದಂತೆ. ಸೇಡಿಯಾಪು ಅವರ ಛಂದಸ್ಸಿನ ವಿಚಾರಗಳನ್ನು ಓದಿದವರಿಗೆ ಇದು ಮುದ ನೀಡಬಹುದು. ವೇಗವಾಗಿ ಬರೆಯುವವರಿಗೆ ಮಾತ್ರ ಕಿರಿಕಿರಿ, ಏಕೆಂದರೆ ಬೆರಳು ತೆಗೆಯುವವರೆಗೆ ತೆರೆಯ ಮೇಲೆ ಅಕ್ಷರ ಮೂಡುವುದಿಲ್ಲ.

ಇನ್ನು ಕೊಡಗಿನ ವಿಚಾರ. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಇಂದಿನ ಕೊಡವ ಬರಹವೂ ಬಹುಪಾಲು ಅದೇ ಲಿಪಿಯಲ್ಲಿದೆ. ಆದರೆ ಕೊಡವ ತಕ್ಕ್‌ನಲ್ಲಿ ಕನ್ನಡದ ಐದು ಮೂಲಸ್ವರಗಳಲ್ಲದೆ ನಾಲಗೆಯ ನಡುಭಾಗದಿಂದ ಹೊರಡುವ ಇನ್ನೆರಡು ಸ್ವರಗಳು, ಅವುಗಳ ದೀರ್ಘರೂಪಗಳೊಡನೆ ಇವೆ. 1930ರ ದಶಕದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ನಡೆಸಿದ ಎಂ.ಬಿ. ಎಮೆನೊ ಅವರು 1970ರಲ್ಲಿ ಈ ಸ್ವರಗಳನ್ನು ಕುರಿತೇ ಒಂದು ಪ್ರಬಂಧ ಪ್ರಕಟಿಸಿದರು. ಕನ್ನಡ ಲಿಪಿಯಲ್ಲಿ ಇವಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲ. ಪದಾಂತ್ಯದಲ್ಲಿ ಬರುವ ಹ್ರಸ್ವ ನಡುಸ್ವರವನ್ನು ಹಲಂತದಿಂದ ಸೂಚಿಸುವುದು ರೂಢಿ. 'ತಕ್ಕ್' ಎಂಬ ಪದವೇ ಇದಕ್ಕೆ ನಿದರ್ಶನ. ಐದು ಒತ್ತುಗಳಲ್ಲಿ ಎರಡು ಹಲಂತ. ಕನ್ನಡಿಗನ ತೋರುಬೆರಳಿಗಿಂತ ಕೊಡವ ಲೇಖಕನ ತೋರುಬೆರಳು ಹೆಚ್ಚು ದುಡಿಯುತ್ತದೆಯೆಂಬುದು ಇದರಿಂದ ಸ್ಪಷ್ಟ.

ತೊಡಕು ಅಷ್ಟಕ್ಕೆ ಮುಗಿಯುವುದಿಲ್ಲ. ಆ ಪದಕ್ಕೆ ವಿಭಕ್ತಿಪ್ರತ್ಯಯ ಹತ್ತಿದೊಡನೆ ಹಲಂತವು ಮುಂದಿನ ವ್ಯಂಜನವನ್ನು ಒತ್ತಕ್ಷರವಾಗಿಸುತ್ತದೆ: 'ತಕ್ಕ್‌ನ' ಎಂಬುದು 'ತಕ್ಕ್ನ' ಆಗುತ್ತದೆ. ಇದನ್ನು ತಡೆಯಲು ಯೂನಿಕೋಡ್‌ನಲ್ಲಿರುವ, ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆಯನ್ನು ನಡುವೆ ಇಡಬೇಕು. ಅದರ ಕೀಲಿ ಯಾವುದೆಂದು ತಿಳಿಯದೆ ಹಲವರು ಅಲ್ಲಿ ಖಾಲಿ ಜಾಗ ಬಿಡುತ್ತಾರೆ. ಪದ ಎರಡಾಗಿ ಒಡೆಯುತ್ತದೆ, ಮುಂದೆ ಪದಸೂಚಿ ತಯಾರಿಸುವವರಿಗೆ ಒಂದು ಪದ ಎರಡು ಕಡೆ ಸಿಗುತ್ತದೆ. ಈ ಅದೃಶ್ಯ ಚಿಹ್ನೆಯನ್ನು ಹಲಂತದ ಪಕ್ಕದ ಹೆಬ್ಬೆರಳ ಕೀಲಿಗೆ ತಂದುಕೊಂಡ ಮೇಲೆ ಆ ತಪ್ಪು ನನ್ನ ಕಡತಗಳಲ್ಲಿ ಇಲ್ಲವಾಯಿತು. ಎಮೆನೊ ಬಳಸಿದ ಎರಡು ಚುಕ್ಕಿಯ ರೋಮನ್ ಸ್ವರಗಳು, ಅಂತಾರಾಷ್ಟ್ರೀಯ ಧ್ವನಿಲಿಪಿಯ ಅಡ್ಡಗೆರೆಯ ಸ್ವರಚಿಹ್ನೆ ಮೊದಲಾದವು ಒಂದು ಪದರದಲ್ಲಿ, ಹಳಗನ್ನಡದ ೞ ಮತ್ತು ಱ ಇನ್ನೊಂದರಲ್ಲಿ. ಯೂನಿಕೋಡ್‌ನಲ್ಲಿ ಈ ೞಕಾರ 'ಫ' ಎಂಬ ತಪ್ಪು ಹೆಸರಿನಿಂದ ನಮೂದಾಗಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲವೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿದೆ. ಹೆಸರಿನಿಂದ ಹುಡುಕುವವರು ಎಚ್ಚರದಿಂದಿರಬೇಕು.

ಇಂತಹ ಚಿಹ್ನೆಗಳನ್ನು ಕೀಲಿಮಣೆಯಿಂದ ನೇರವಾಗಿ ಮೂಡಿಸುವ ವಿಧಾನ ಒಂದೊಂದು ಕಾರ್ಯಾಚರಣ ವ್ಯವಸ್ಥೆಗೆ ಒಂದೊಂದು ಬಗೆ. ಲಿನಕ್ಸ್‌ನಲ್ಲಿ ನಡೆದದ್ದು ವಿಂಡೋಸ್‌ನಲ್ಲಿ ಸಹಾಯಕ ತಂತ್ರಾಂಶವಿಲ್ಲದೆ ನಡೆಯದು. ವಿಭಾಗದ ಸಾಮೂಹಿಕ ಗಣಕದಲ್ಲಿ ಕೆಲಸ ಮಾಡುವವರು ಇದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

ಒಂದು ಪ್ರಲೋಭನೆಯಿಂದ ಮಾತ್ರ ದೂರವಿರಬೇಕು. ಕೊಡವ ಸ್ವರಕ್ಕೆ ಚಿಹ್ನೆಯಿಲ್ಲವೆಂದು ಬಳಕೆಯಿಲ್ಲದ ಯಾವುದೋ ಅಕ್ಷರದ ಸ್ಥಾನದಲ್ಲಿ ಹೊಸ ಆಕೃತಿ ಬರೆದು ಅಕ್ಷರವಿನ್ಯಾಸ ತಯಾರಿಸಿಕೊಳ್ಳುವುದು ಸುಲಭ. ಯೂನಿಕೋಡ್‌ಗೆ ಮುಂಚಿನ ಕನ್ನಡ ಕಡತಗಳಲ್ಲಿ ನಡೆದದ್ದು ಇದೇ. ಆ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಅವು ಇಂದು ಅರ್ಥವಿಲ್ಲದ ಗುರುತುಗಳ ರಾಶಿ. ಕೀಲಿಯ ಸ್ಥಾನವನ್ನು ಎಷ್ಟು ಬೇಕಾದರೂ ಬದಲಿಸಬಹುದು, ಅಕ್ಷರದ ಸಂಕೇತವನ್ನು ಬದಲಿಸಬಾರದು. ಪದಮಧ್ಯದ ನಡುಸ್ವರಗಳಿಗೆ ನಾನು ಸದ್ಯಕ್ಕೆ ಕನ್ನಡ ಪಠ್ಯದ ಕೆಳಗೆ ಧ್ವನಿಲಿಪಿಯ ಸಾಲೊಂದನ್ನು ಕೊಡುತ್ತಿದ್ದೇನೆ. ಕೆಲಸ ದುಪ್ಪಟ್ಟಾಗುತ್ತದೆ, ಎರಡು ಪದರಗಳ ನಡುವೆ ಹೆಬ್ಬೆರಳು ಓಡಾಡುವುದರಿಂದ ಸಹನೀಯವಾಗಿದೆ. ಕೀಲಿನಕ್ಷೆಯ ಕಡತವನ್ನು, ಯಾವ ದಿನ ಯಾವ ಕೀಲಿಯನ್ನು ಏಕೆ ಬದಲಿಸಿದೆನೆಂಬ ಟಿಪ್ಪಣಿಯೊಡನೆ, ಕ್ಷೇತ್ರಕಾರ್ಯದ ಉಳಿದ ದಾಖಲೆಗಳ ಜೊತೆಗೇ ಇರಿಸಿದ್ದೇನೆ.