ತೆರೆಯ ಮೇಲೆ ಕಂಡ ಇಟಲಿ

1861ನೆಯ ಇಸವಿ ಮಾರ್ಚಿ 17ರಂದು ಟ್ಯೂರಿನ್ ನಗರದಲ್ಲಿ ಇಟಲಿ ರಾಜ್ಯದ ಘೋಷಣೆಯಾಯಿತು. ಶತಮಾನಗಳಿಂದ ಹರಿದು ಹಂಚಿಹೋಗಿದ್ದ ನಾಡಿನ ಬಹುಭಾಗ ಒಂದೇ ಸಿಂಹಾಸನದ ಕೆಳಗೆ ಬಂದಿತು. ವೆನಿಸ್ 1866ರಲ್ಲಿಯೂ ರೋಮ್ 1870ರಲ್ಲಿಯೂ ಬಂದು ಸೇರಿದುವು. ಮ್ಯಾಟ್ಸೀನಿಯ ಬೋಧೆ, ಕವೂರನ ರಾಜತಂತ್ರ, ಗ್ಯಾರಿಬಾಲ್ಡಿಯ ಸಾಹಸ ಇವುಗಳ ಕಥೆಯನ್ನು ನಮ್ಮ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಭಾರತೀಯರೂ ಆಸಕ್ತಿಯಿಂದ ಓದಿದರು. ಲಾಲಾ ಲಜಪತರಾಯರು ಮ್ಯಾಟ್ಸೀನಿಯ ಜೀವನಚರಿತ್ರೆಯನ್ನೇ ಬರೆದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ತೊಡಕು ಅಲ್ಲಿಂದಲೇ ಮೊದಲಾಯಿತು. ಹೊಸ ರಾಜ್ಯದ ಪ್ರಜೆಗಳು ಸುಮಾರು ಎರಡು ಕೋಟಿ ಇಪ್ಪತ್ತು ಲಕ್ಷ. ಅವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಓದುಬರಹ ಬಾರದು. ದಾಂತೆಯ ಕಾಲದಿಂದ ಗ್ರಂಥಗಳಲ್ಲಿ ಬೆಳೆದುಬಂದ ಇಟಾಲಿಯನ್ ಭಾಷೆಯನ್ನು ಬಲ್ಲವರು ಎಷ್ಟು ಮಂದಿ? ಭಾಷಾಶಾಸ್ತ್ರಜ್ಞ ತುಲ್ಲಿಯೊ ದೆ ಮೌರೊ ಹಾಕಿದ ಲೆಕ್ಕದಂತೆ ನೂರಕ್ಕೆ ಎರಡೂವರೆ. ಬೇರೆ ವಿದ್ವಾಂಸರ ಲೆಕ್ಕದಂತೆ ಹೆಚ್ಚೆಂದರೆ ಹತ್ತು. ಉಳಿದವರದು ಸಿಸಿಲಿಯ ಮಾತು, ನೇಪಲ್ಸಿನ ಮಾತು, ವೆನಿಸಿನ ಮಾತು. ಸ್ವತಃ ದೊರೆ ವಿಕ್ಟರ್ ಇಮ್ಯಾನ್ಯುಯೆಲನಿಗೆ ತನ್ನ ಪೀಡ್‌ಮಾಂಟ್ ಸೀಮೆಯ ನುಡಿಯೇ ಸಲೀಸು. ಮಂತ್ರಿ ಕವೂರನಿಗೆ ಫ್ರೆಂಚ್ ಭಾಷೆ ಸಲೀಸು! ಇಟಲಿಯನ್ನೇನೋ ಕಟ್ಟಿದ್ದಾಯಿತು, ಇನ್ನು ಇಟಾಲಿಯನರನ್ನು ಕಟ್ಟಬೇಕು ಎಂಬ ಮಾತೊಂದು ಪ್ರಸಿದ್ಧವಾಗಿದೆ. ಅದು ದಾಜೆಲ್ಯೊ ಎಂಬ ಮುತ್ಸದ್ದಿಯದೆಂದು ಹೇಳುವುದು ರೂಢಿ; ಈ ರೂಪದಲ್ಲಿ ಅದು ಹಬ್ಬಿದುದು ಅವನು ತೀರಿಕೊಂಡ ಮೇಲೆ. ಯಾರ ಮಾತಾದರೂ ಆಗಲಿ, ಸಮಸ್ಯೆ ಮಾತ್ರ ನಿಜವಾದದ್ದು.

ಶಾಲೆ, ಸೈನ್ಯ, ವೃತ್ತಪತ್ರಿಕೆ ಇವು ಈ ಕೆಲಸಕ್ಕೆ ತೊಡಗಿದುವು. ಇಪ್ಪತ್ತನೆಯ ಶತಮಾನದಲ್ಲಿ ಚಲಚ್ಚಿತ್ರವೂ ಅವುಗಳ ಜೊತೆಗೂಡಿತು. ಓದು ಬಾರದವನೂ ಚಿತ್ರವನ್ನು ನೋಡಬಲ್ಲನಷ್ಟೆ.

ಈ ಶಕ್ತಿಯನ್ನು ಮುಸೋಲಿನಿ ಅರಿತಿದ್ದನು. ಅವನ ಆಳಿಕೆಯಲ್ಲಿ, 1937ರಲ್ಲಿ, ರೋಮಿನ ಹೊರವಲಯದಲ್ಲಿ ಚಿನೆಚಿತ್ತಾ ಎಂಬ ದೊಡ್ಡ ಚಿತ್ರನಗರಿ ತೆರೆಯಿತು. ಸರ್ಕಾರಕ್ಕೆ ಬೇಕಾಗಿದ್ದುದು ಒಂದೇ ರಾಷ್ಟ್ರ, ಒಂದೇ ಸ್ವರ; ಪ್ರಾಂತಗಳ ಆಡುಮಾತು ಅದಕ್ಕೆ ಹಿಡಿಸದು. ಆದರೆ 1934ರಲ್ಲಿ ಬ್ಲಸೆತ್ತಿ ತೆಗೆದ ‘1860’ ಎಂಬ ಚಿತ್ರ ಸ್ವಲ್ಪ ಬೇರೆ ಬಗೆಯದು. ಅದರಲ್ಲಿ ಸಿಸಿಲಿಯ ಒಬ್ಬ ಬಡ ಕುರಿಗಾಹಿ ಗ್ಯಾರಿಬಾಲ್ಡಿಯ ನೆರವನ್ನು ಕೇಳಲು ಜಿನೋವಾ ನಗರದವರೆಗೆ ಪಯಣ ಮಾಡುತ್ತಾನೆ. ದಾರಿಯುದ್ದಕ್ಕೂ ನಾನಾ ಸೀಮೆಗಳವರು, ನಾನಾ ನುಡಿಗಳು, ನಾನಾ ವಾದಗಳು. ಗ್ಯಾರಿಬಾಲ್ಡಿ ತೆರೆಯ ಮೇಲೆ ಕಾಣುವುದೇ ಅಪರೂಪ. ಕೊನೆಯಲ್ಲಿ ಮಾತ್ರ ಅವನ ಹಳೆಯ ಯೋಧರು ಮುಸೋಲಿನಿಯ ಕರಿಯಂಗಿ ದಳದ ಜೊತೆ ನಿಂತ ದೃಶ್ಯವನ್ನು ಸೇರಿಸಿದ್ದರು. ಯುದ್ಧ ಮುಗಿದ ಮೇಲೆ ಆ ತುಣುಕನ್ನು ಕತ್ತರಿಸಿಹಾಕಿದರು.

1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳೊಡನೆ ಕದನವಿರಾಮ ಮಾಡಿಕೊಂಡ ಸುದ್ದಿ ಹೊರಬಿದ್ದಿತು. ಮರುದಿನವೇ ದೊರೆ ರೋಮನ್ನು ಬಿಟ್ಟು ಹೊರಟನು. ಉತ್ತರದಲ್ಲಿ ಜರ್ಮನ್ ಸೇನೆ, ದಕ್ಷಿಣದಲ್ಲಿ ಮಿತ್ರಸೇನೆ. ಎಂಬತ್ತೆರಡು ವರ್ಷಗಳ ಹಿಂದೆ ಒಂದಾಗಿದ್ದ ನಾಡು ಮತ್ತೆ ಎರಡು ಹೋಳಾಯಿತು. ದೊರೆಯಿಲ್ಲ, ಸೈನ್ಯವಿಲ್ಲ, ಹಾಗಾದರೆ ಇಟಲಿಯೆಂದರೆ ಯಾವುದು?

ಈ ಪ್ರಶ್ನೆಗೆ ರೊಸ್ಸೆಲ್ಲೀನಿ 1946ರ ‘ಪೈಸಾ’ ಚಿತ್ರದಲ್ಲಿ ಉತ್ತರ ಹುಡುಕಿದನು. ಹೆಸರನ್ನು ಕೇಳಿ ನಮ್ಮ ಪೈಸೆಯನ್ನು ನೆನೆಯಬಾರದು. ಅಲ್ಲಿಯ ಆಡುಮಾತಿನಲ್ಲಿ ಅದಕ್ಕೆ ‘ನಮ್ಮೂರಿನವನು’ ಎಂದರ್ಥ. ಅದರಲ್ಲಿ ಆರು ಬಿಡಿ ಕಥೆಗಳು: ಸಿಸಿಲಿಯಲ್ಲಿ ಮೊದಲಾಗಿ ನೇಪಲ್ಸ್, ರೋಮ್, ಫ್ಲಾರೆನ್ಸ್ ದಾಟಿ ಒಂದು ಸನ್ಯಾಸಿಮಠದ ಮೂಲಕ ಪೋ ನದಿಯ ಮುಖಜಭೂಮಿಯಲ್ಲಿ ಮುಗಿಯುತ್ತವೆ. ನೇಪಲ್ಸಿನ ಕಥೆಯಲ್ಲಿ ಅಮೆರಿಕದ ಕರಿಯ ಸಿಪಾಯಿಯೊಬ್ಬನ ಬೂಟುಗಳನ್ನು ಬೀದಿಯ ಹುಡುಗನೊಬ್ಬ ಕದಿಯುತ್ತಾನೆ. ಸಿಪಾಯಿ ಅವನನ್ನು ಹಿಡಿದು ಮನೆ ತೋರಿಸೆಂದು ಗದರುತ್ತಾನೆ. ಹೋಗಿ ನೋಡಿದರೆ ಮನೆಯಿಲ್ಲ. ಗುಹೆಯೊಳಗೆ ನಿರಾಶ್ರಿತರ ಗುಂಪು. ತಾಯಿತಂದೆಗಳು ಬಾಂಬಿಗೆ ಸಿಕ್ಕಿ ಸತ್ತಿದ್ದಾರೆ. ಸಿಪಾಯಿ ಬೂಟುಗಳನ್ನು ಅಲ್ಲಿಯೇ ಬಿಟ್ಟು ಹಿಂದಿರುಗುತ್ತಾನೆ. ಚಿತ್ರದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯುವುದೇ ಇಲ್ಲ; ಕಷ್ಟ ಮಾತ್ರ ತಿಳಿಯುತ್ತದೆ.

1948ರಲ್ಲಿ ವಿಸ್ಕೋಂತಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟನು. ‘ಭೂಮಿ ನಡುಗುತ್ತದೆ’ ಎಂಬ ಅವನ ಚಿತ್ರದಲ್ಲಿ ಸಿಸಿಲಿಯ ಆಚಿ ತ್ರೆತ್ಸಾ ಗ್ರಾಮದ ಬೆಸ್ತರೇ ಪಾತ್ರಧಾರಿಗಳು. ಸಂಭಾಷಣೆಯೆಲ್ಲ ಅವರದೇ ನುಡಿ. ಇಟಾಲಿಯನ್ ಭಾಷೆ ಸಿಸಿಲಿಯ ಬಡವರ ಭಾಷೆಯಲ್ಲವೆಂದು ಚಿತ್ರದ ಆರಂಭದಲ್ಲಿಯೇ ತಿಳಿಸಲಾಗಿದೆ. ಉಳಿದ ಇಟಲಿಯ ಪ್ರೇಕ್ಷಕರಿಗಾಗಿ ಇಟಾಲಿಯನ್ ಭಾಷೆಯ ವಿವರಣೆಯನ್ನು ಜೋಡಿಸಬೇಕಾಯಿತು!

ಇಂತಹ ಚಿತ್ರಗಳು ಎಲ್ಲರಿಗೂ ಮೆಚ್ಚಿಗೆಯಾಗಲಿಲ್ಲ. 1952ರಲ್ಲಿ, ದೆ ಸೀಕಾ ಒಬ್ಬ ಬಡ ಪಿಂಚಣಿದಾರನನ್ನು ಕುರಿತು ‘ಉಂಬೆರ್ತೊ ಡಿ.’ ಚಿತ್ರವನ್ನು ತೆಗೆದಾಗ, ಚಿತ್ರರಂಗದ ಹೊಣೆ ಹೊತ್ತಿದ್ದ ಉಪಮಂತ್ರಿ ಅಂದ್ರೆಯೊತ್ತಿ ಪತ್ರಿಕೆಯಲ್ಲಿ ಆಕ್ಷೇಪವೆತ್ತಿದನು. ಲೋಕವು ಇದೇ ಇಟಲಿಯೆಂದು ತಿಳಿದರೆ ದೇಶಕ್ಕೆ ಅಪಕಾರವಾದೀತೆಂಬುದು ಅವನ ವಾದ. ನಾಡಿನ ಬಡತನವನ್ನು ಮುಚ್ಚಿಡುವುದು ದೇಶಪ್ರೇಮವೋ, ತೆರೆದು ತೋರುವುದು ದೇಶಪ್ರೇಮವೋ? ಅದೇ ವರ್ಷ ಮುಂಬಯಿಯಲ್ಲಿ ಆರಂಭವಾದ ಭಾರತದ ಮೊದಲನೆಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ದೆ ಸೀಕಾನ ‘ಬೈಸಿಕಲ್ ಕಳ್ಳರು’ ಪ್ರದರ್ಶಿತವಾಯಿತು. ಅದನ್ನು ನೋಡಿದ ನಮ್ಮವರಿಗೆ ಇಟಲಿಯ ಮೇಲೆ ತಿರಸ್ಕಾರ ಹುಟ್ಟಲಿಲ್ಲ. ಸೈಕಲ್ ಕಳೆದುಕೊಂಡ ತಂದೆಯ ಮೇಲೆ, ಅವನ ಪುಟ್ಟ ಮಗನ ಮೇಲೆ ಮರುಕ ಹುಟ್ಟಿತು.

ಮೊದಲನೆಯ ಮಹಾಯುದ್ಧದ ವಿಷಯದಲ್ಲಿಯೂ ಹೀಗೆಯೇ. 1959ರಲ್ಲಿ ಮೊನಿಚೆಲ್ಲಿ ತೆಗೆದ ‘ಮಹಾಯುದ್ಧ’ ಚಿತ್ರದ ನಾಯಕರು ಇಬ್ಬರು ಪುಕ್ಕಲರು. ಒಬ್ಬ ರೋಮಿನವನು, ಇನ್ನೊಬ್ಬ ಮಿಲಾನಿನವನು. ಜೀವ ಉಳಿಸಿಕೊಳ್ಳುವುದೇ ಅವರ ವ್ರತ. ಶತ್ರುಗಳ ಕೈಗೆ ಸಿಕ್ಕಾಗ, ಅಧಿಕಾರಿಯೊಬ್ಬ ಇಟಾಲಿಯನರ ಧೈರ್ಯವನ್ನು ಹಳಿದು ನಗುತ್ತಾನೆ. ಆ ಅವಮಾನವನ್ನು ಮಿಲಾನಿನವನು ಸಹಿಸಲಾರದೆ ಗುಟ್ಟು ಬಿಡದೆ ಗುಂಡಿಗೆ ಎದೆಯೊಡ್ಡುತ್ತಾನೆ. ರೋಮಿನವನಿಗೂ ಅದೇ ಗತಿ. ಇವರು ಈ ಸಲವೂ ತಪ್ಪಿಸಿಕೊಂಡರೆಂದೇ ಅವರ ಕ್ಯಾಪ್ಟನ್ ತಿಳಿಯುತ್ತಾನೆ.

ಒಂದು ಭಾಷೆಯೇನೋ ಕ್ರಮೇಣ ಬಂದಿತು. 1954ರ ಜನವರಿ 3ರಂದು ಇಟಲಿಯಲ್ಲಿ ಟೆಲಿವಿಷನ್ನಿನ ನಿಯತ ಪ್ರಸಾರ ಆರಂಭವಾಯಿತು. 1960ರಿಂದ 1968ರವರೆಗೆ ಆಲ್ಬೆರ್ತೊ ಮಾನ್ಸಿ ಎಂಬ ಉಪಾಧ್ಯಾಯರು ‘ಎಂದಿಗೂ ಹೊತ್ತು ಮೀರಿಲ್ಲ’ ಎಂಬ ಕಾರ್ಯಕ್ರಮದಲ್ಲಿ ವಯಸ್ಕರಿಗೆ ಅಕ್ಷರ ಕಲಿಸಿದರು. ಆದರೂ ಒಡಕಿನ ದನಿ ಅಡಗಲಿಲ್ಲ. 1996ರಲ್ಲಿ ‘ಉತ್ತರ ಸಂಘ’ವೆಂಬ ಪಕ್ಷ ಪೋ ನದಿಯ ಬಯಲು ಸ್ವತಂತ್ರವೆಂದು ವೆನಿಸಿನಲ್ಲಿ ಸಾರಿತು. ಸಾರಿದ ಮಾತು ಮಾತಾಗಿಯೇ ಉಳಿಯಿತು.

ಅದೇ ಪೋ ನದಿಯ ಜೌಗಿನಲ್ಲಿ ‘ಪೈಸಾ’ ಮುಗಿಯುವುದನ್ನು ನೆನೆಯಬಹುದು. ಸೆರೆಸಿಕ್ಕ ಇಟಾಲಿಯನ್ ಹೋರಾಟಗಾರರನ್ನು, ಕೈ ಕಟ್ಟಿ, ಒಬ್ಬೊಬ್ಬರನ್ನಾಗಿ ಜರ್ಮನರು ನೀರಿಗೆ ನೂಕುತ್ತಾರೆ. ಅದನ್ನು ತಡೆಯಹೋದ ಅಮೆರಿಕದವನೂ ಗುಂಡಿಗೆ ಬಲಿಯಾಗುತ್ತಾನೆ. ಹೊರಗಿನವನಾದ ಅವನನ್ನೂ ‘ನಮ್ಮೂರಿನವನು’ ಎಂದು ಕರೆಯಬೇಕೆನ್ನಿಸುವುದು ಆಗಲೇ. ಇಟಲಿಯ ಚಿತ್ರಕಾರರು ತಮ್ಮ ರಾಷ್ಟ್ರವನ್ನು ಕಂಡುಕೊಂಡದ್ದು ಆ ಮಾತಿನಲ್ಲಿ.